ಷವರ್ ಪಂಪ್ ಸುಟ್ಟೋಯ್ತಾ? ಹೊಸದು ತರೋಕೆ ಮುಂಚೆ ಇದನ್ನ ಓದಿ

ಭಾಗ 1/9

ಫೋಟೋದಲ್ಲಿ ಕಾಣ್ತಿರೋದು ನಮ್ಮನೆ ಷವರ್ ಪಂಪು. ಅರ್ಧ ಎಚ್‌ಪಿ. ಮೂರು ವರ್ಷದ ಹಿಂದೆ ₹7,800 ಕೊಟ್ಟು ತಂದಿದ್ದು. ಹೋದ ಮಾರ್ಚ್‌ನಲ್ಲಿ ಒಂದು ಸಂಜೆ ಗೊರ್ ಅಂತ ಸದ್ದು ಮಾಡ್ತು, ಸುಟ್ಟ ವಾಸನೆ ಬಂತು, ನಿಂತೇಹೋಯ್ತು.

‘ಪಂಪ್ ಹೋದ್ರೆ ಇನ್ನೊಂದು ಹಾಕ್ಸಿದ್ರಾಯ್ತು, ಇದಕ್ಕೆ ಒಂಬತ್ತು ಪೋಸ್ಟಾ?’ ಅಂತ ನಿಮ್ಮಲ್ಲಿ ಸುಮಾರು ಜನ ಕೇಳ್ತೀರ. ನಮ್ಮಪ್ಪನೂ ಅದೇ ಕೇಳಿದ್ರು. ಅವರು ಹೊಸದಕ್ಕೆ ರೇಟೂ ವಿಚಾರಿಸಿಕೊಂಡು ಬಂದಿದ್ರು. ಈ ಸಲ ಅರ್ಧ ಎಚ್‌ಪಿ ಅಲ್ಲ, ಒಂದು ಎಚ್‌ಪಿ. ‘ಹಾಕಿದ್ರೆ ಜೋರಾಗಿರೋದೇ ಹಾಕ್ಬೇಕು’ ಅಂತ.

ನಾನು ಬೇಡ ಅಂದೆ. ಮನೇಲಿ ಹತ್ತು ದಿನ ಇದೇ ಜಗಳ. ಆ ಹತ್ತು ದಿನದಲ್ಲಿ ನಾನು ಕಲಿತಿದ್ದನ್ನ, ನಾನೇ ತಪ್ಪು ಮಾಡಿದ್ದನ್ನೂ ಸೇರಿಸಿ, ನಿಮ್ಮ ಮುಂದೆ ಇಡ್ತಿದ್ದೀನಿ.

ಗೊತ್ತಿಲ್ಲದವರಿಗೆ: ನಮ್ಮೂರು ಹೋಳೂರು, ಕೋಲಾರ ತಾಲ್ಲೂಕು. ಇಲ್ಲಿಂದ ದಿನಾ ಬಸ್ಸಲ್ಲಿ ಕೋಲಾರಕ್ಕೆ ಹೋಗಿ ಬಿಕಾಂ ಓದ್ತೀನಿ. ನಾನು ಪ್ಲಂಬರ್ ಅಲ್ಲ, ಇಂಜಿನಿಯರೂ ಅಲ್ಲ. ಲೆಕ್ಕ ಹಾಕೋದು ಮಾತ್ರ ಸ್ವಲ್ಪ ಬರುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ನಮ್ಮಂಥ ಊರಲ್ಲಿ ಷವರ್ ಪಂಪ್ ಕೆಟ್ಟಾಗ ಅದೇ ಜಾಗಕ್ಕೆ ಇನ್ನೊಂದು, ಅದಕ್ಕಿಂತ ದೊಡ್ಡದು ತಂದು ಕೂರಿಸೋದು ತಪ್ಪು. ಯಾಕಂದ್ರೆ ಪಂಪ್ ನೀರು ತರಲ್ಲ. ಇರೋ ನೀರನ್ನ ಬೇಗ ಖಾಲಿ ಮಾಡುತ್ತೆ, ಅಷ್ಟೇ.

ಒಪ್ಪಲ್ಲ ಅನ್ನೋರು ಕೊನೇ ಭಾಗದವರೆಗೂ ಬನ್ನಿ, ಆಮೇಲೆ ಬೈಯಿರಿ.

ಭಾಗ 2/9

ಮೊದಲು ಅಪ್ಪನ ಕಡೆ ಮಾತು ಹೇಳ್ತೀನಿ. ಅವರ ಮಾತು ತೆಗೆದುಹಾಕೋ ಹಾಗಿಲ್ಲ.

ನಮ್ಮದು ಮೊದಲು ಹೆಂಚಿನ ಮನೆ. ಬಚ್ಚಲು ಹಿತ್ತಲಲ್ಲಿ. ತಾಮ್ರದ ಹಂಡೆ, ಕೆಳಗೆ ಸೌದೆ ಒಲೆ, ಒಂದು ಚೊಂಬು. ಬೆಳಿಗ್ಗೆ ಒಬ್ಬರಾದ ಮೇಲೆ ಒಬ್ಬರು. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಬೀದಿ ನಲ್ಲಿಯಿಂದ ಕೊಡ ಹೊತ್ತು ಆ ಹಂಡೆ ತುಂಬಿಸ್ತಿದ್ರು. ಆರು ವರ್ಷದ ಹಿಂದೆ ಅಪ್ಪ ಸಾಲ ಮಾಡಿ ಆರ್‌ಸಿಸಿ ಮನೆ ಕಟ್ಟಿಸಿದ್ರು. ಟೈಲ್ಸ್ ಹಾಕಿದ ಬಾತ್‌ರೂಮು, ಗೀಸರ್, ಷವರ್. ಗೃಹಪ್ರವೇಶಕ್ಕೆ ಬಂದ ನೆಂಟರಿಗೆಲ್ಲ ಅಪ್ಪ ದೇವರ ಮನೆಗಿಂತ ಮೊದಲು ಷವರ್ ತೋರಿಸಿದ್ರು. ನಗಬೇಡಿ, ನಿಮ್ಮನೇಲೂ ಇಂಥದ್ದು ಏನೋ ಒಂದು ಇರುತ್ತೆ.

ಆದ್ರೆ ಷವರಲ್ಲಿ ನೀರು ಸಣ್ಣಗೆ ಬರ್ತಿತ್ತು. ಮೂರು ವರ್ಷ ಹಂಗೇ ನಡೀತು. ಆಮೇಲೆ ಅಜ್ಜಿಗೆ ಮಂಡಿ ನೋವು ಜಾಸ್ತಿ ಆಯ್ತು. ಬಗ್ಗಿ ಬಕೆಟ್‌ನಿಂದ ಮೊಗೆದುಕೊಳ್ಳೋಕೆ ಆಗ್ತಿರಲಿಲ್ಲ. ಅಮ್ಮನೇ ಕೂರಿಸಿ ನೀರು ಹಾಕ್ತಿದ್ರು. ಅಜ್ಜಿಗೆ ಅದು ಸಂಕೋಚ. ‘ಸೊಸೆ ಕೈಲಿ ಸ್ನಾನ ಮಾಡಿಸ್ಕೊಳ್ಳೋ ಹಾಗಾಯ್ತಲ್ಲ’ ಅಂತ ಒಂದು ಸಲ ನನ್ನ ಹತ್ರ ಮೆಲ್ಲಗೆ ಅಂದಿದ್ರು.

ಆಗ ಅಪ್ಪ ಈ ಪಂಪ್ ತಂದು ಹಾಕಿಸಿ, ಒಂದು ಹ್ಯಾಂಡ್ ಷವರೂ ಸೇರಿಸಿದ್ರು. ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು, ಕೈಲಿ ಹಿಡಿದು, ಬಾಗಿಲು ಹಾಕ್ಕೊಂಡು ಒಬ್ಬರೇ ಸ್ನಾನ ಮಾಡೋಕೆ ಶುರು ಮಾಡಿದ್ರು.

ಹಾಗಾಗಿ ಷವರ್ ಅಂದ್ರೆ ಬರೀ ಷೋಕಿ ಅಂತ ಯಾರಾದ್ರೂ ಹೇಳಿದ್ರೆ ನಾನೇ ಒಪ್ಪಲ್ಲ.

ಭಾಗ 3/9

ಈಗ ಪಂಪ್ ಯಾಕೆ ಸತ್ತಿತು ಅನ್ನೋದು. ಇದನ್ನ ಬಿಚ್ಚಿ ನೋಡಿದ ಪ್ಲಂಬರ್ ಅಣ್ಣ ಹೇಳಿದ್ದು. ಸೇವ್ ಮಾಡಿಟ್ಕೊಳ್ಳಿ.

ಈ ಪಂಪ್‌ಗಳಲ್ಲಿ ಒಂದು ಸ್ವಿಚ್ ಇರುತ್ತೆ. ನಲ್ಲಿ ತಿರುಗಿಸಿ ನೀರು ಹರಿದ್ರೆ ಮೋಟ್ರು ತಾನೇ ಆನ್, ನಿಂತ್ರೆ ತಾನೇ ಆಫ್. ನಮ್ಮ ಬೋರ್ ನೀರು ಗಡಸು ಅಂತ ನಿಮಗೆ ಹೇಳ್ಬೇಕಾಗಿಲ್ಲ. ಗೀಸರ್ ಕಾಯಿಲ್ ಮೇಲೆ, ಸ್ಟೀಲ್ ನಲ್ಲಿ ಮೇಲೆ ಬೆಳ್ಳಗೆ ಕಟ್ಟಿಕೊಳ್ಳುತ್ತಲ್ಲ, ಅದೇ ಸುಣ್ಣ ಆ ಸ್ವಿಚ್ ಒಳಗೂ ಕಟ್ಟಿತ್ತು. ಆನ್ ಆದಲ್ಲೇ ಸಿಕ್ಕಿಕೊಂಡಿತ್ತು.

ಅದೇ ವಾರ ಪಂಚಾಯ್ತಿ ನೀರು ಬಂದಿರಲಿಲ್ಲ. ಟ್ಯಾಂಕರ್‌ನವರು ನಾಳೆ ನಾಡಿದ್ದು ಅಂತಿದ್ರು. ಮೇಲಿನ ಟ್ಯಾಂಕ್ ಖಾಲಿ. ನೀರಿಲ್ಲದೆ ಮೋಟ್ರು ಓಡ್ತಾನೇ ಇತ್ತು. ನೀರೇ ಅದಕ್ಕೆ ತಂಪು. ನೀರಿಲ್ಲದೆ ಬಿಸಿಯಾಗಿ ಸೀಲ್ ಸುಟ್ಟಿತು. ಆಮೇಲೆ ನೀರು ಬಂದಾಗ ಆ ಸೀಲ್ ಸಂದಿಯಿಂದ ಒಳಗೆ ಇಳಿದು ವೈಂಡಿಂಗ್ ಹೋಯ್ತು.

ಅಂದ್ರೆ ನಮ್ಮ ಪಂಪ್ ಸತ್ತಿದ್ದು ಎರಡು ಕಾರಣಕ್ಕೆ: ನೀರು ಗಡಸು, ನೀರಿಲ್ಲ. ಎರಡೂ ಕೋಲಾರದ ಕಾಯಿಲೆಗಳೇ. ಹೊಸ ಪಂಪ್ ಹಾಕಿದ್ರೆ ಅದಕ್ಕೂ ಇದೇ ಕಾಯಿಲೆ ಬರುತ್ತೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಆ ಸಂಜೆ ಅಮ್ಮ ನಲ್ಲಿ ಮುಟ್ಟಿದಾಗ ಕೈ ಜುಂ ಅಂದಿತ್ತು. ‘ಏನೋ ಒಂಥರಾ ಆಯ್ತು’ ಅಂದ್ರು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಿಚ್ಚಿದ ಮೇಲೆ ಗೊತ್ತಾಯ್ತು, ಫಿಟ್ ಮಾಡಿದವರು ಅರ್ಥ್ ವೈರ್ ಕೊಟ್ಟೇ ಇರಲಿಲ್ಲ. ಅವರ ಹೆಸರು ಬೇಡ. ನಾವೂ ಕೇಳಲಿಲ್ಲವಲ್ಲ. ಒದ್ದೆ ನೆಲ, ಒದ್ದೆ ಮೈ, ಕರೆಂಟ್ ಲೀಕ್. ಅವತ್ತು ಸಂಜೆ ಅಜ್ಜಿ ಸ್ನಾನಕ್ಕೆ ಹೋಗಿರಲಿಲ್ಲ. ಇದರ ಮೇಲೆ ನಾನು ಯೋಚನೆ ಮಾಡೋಕೆ ಹೋಗಲ್ಲ.

ನಿಮ್ಮ ಬಾತ್‌ರೂಮ್ ಲೈನಿಗೆ ಆರ್‌ಸಿಸಿಬಿ ಇದೆಯಾ ನೋಡಿ. ಎಂಸಿಬಿ ಬೇರೆ, ಇದು ಬೇರೆ. ಎಂಸಿಬಿ ಲೋಡ್ ಜಾಸ್ತಿ ಆದ್ರೆ ಬೀಳುತ್ತೆ. ಆರ್‌ಸಿಸಿಬಿ ಕರೆಂಟ್ ಲೀಕ್ ಆದ್ರೆ ಬೀಳುತ್ತೆ. ಮನೆಗೆ 30 ಮಿಲಿಆಂಪ್‌ದು ಹಾಕಿಸ್ತಾರೆ. ಪಂಪ್ ಹಾಕಿಸಿ, ಬಿಡಿ, ಇದನ್ನ ಮಾತ್ರ ಹಾಕಿಸಿ.

ಭಾಗ 4/9

ಪಂಪ್ ಯಾಕೆ ಬೇಕಾಯ್ತು? ನೀರು ಸಣ್ಣಗೆ ಬರ್ತಿದ್ದಕ್ಕೆ. ಸಣ್ಣಗೆ ಯಾಕೆ ಬರ್ತಿತ್ತು? ಇದನ್ನ ನಾವು ಮೂರು ವರ್ಷದ ಹಿಂದೆ ಯಾರನ್ನೂ ಕೇಳಲೇ ಇಲ್ಲ. ಸೀದಾ ಅಂಗಡಿಗೆ ಹೋದ್ವಿ.

ಲೆಕ್ಕ ತುಂಬಾ ಸುಲಭ. ಪಂಪ್ ಇಲ್ಲದಿದ್ರೆ ಷವರ್‌ಗೆ ಒತ್ತಡ ಕೊಡೋದು ಎತ್ತರ ಒಂದೇ. ಟ್ಯಾಂಕಲ್ಲಿ ಎಷ್ಟು ನೀರಿದೆ ಅನ್ನೋದಲ್ಲ, ಷವರ್‌ಗಿಂತ ಆ ನೀರು ಎಷ್ಟು ಮೇಲಿದೆ ಅನ್ನೋದು. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ನಮ್ಮ ಷವರ್ ಏಳಡಿ ಎತ್ತರದಲ್ಲಿದೆ. ಟ್ಯಾಂಕ್ ಕೂತಿರೋದು ತಾರಸಿ ಮೇಲೆ, ನೆಲದಿಂದ ಹತ್ತೂವರೆ ಅಡಿ. ವ್ಯತ್ಯಾಸ ಮೂರೂವರೆ ಅಡಿ, ಅಂದ್ರೆ ಒಂದು ಮೀಟರ್ ಚಿಲ್ರೆ. ಒತ್ತಡ 0.1 ಬಾರ್. ಇಷ್ಟರಲ್ಲಿ ಷವರ್ ಜೋರಾಗಿ ಬಾ ಅಂದ್ರೆ ಎಲ್ಲಿಂದ ಬರುತ್ತೆ?

ನಮ್ಮ ಕಡೆ ಒಂದಂತಸ್ತಿನ ಮನೆಗಳಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಇದೇ ಕಥೆ. ಟ್ಯಾಂಕ್ ತಾರಸಿ ಮೇಲೆ ಹಂಗೇ ಇಟ್ಟಿರ್ತೀವಿ, ಷವರ್ ಅದರ ಕೆಳಗೇ ಇರುತ್ತೆ.

ಇದರಿಂದ ಒಂದು ಉಪಯೋಗಕ್ಕೆ ಬರೋ ವಿಷಯ ಇದೆ. ಹ್ಯಾಂಡ್ ಷವರ್ ಕೆಳಗೆ ಹಿಡಿದಷ್ಟೂ ನೀರು ಜೋರಾಗಿ ಬರುತ್ತೆ. ಕೂತು ಮೂರಡಿ ಎತ್ತರದಲ್ಲಿ ಹಿಡಿದ್ರೆ ಏಳೂವರೆ ಅಡಿ ವ್ಯತ್ಯಾಸ ಸಿಗುತ್ತೆ. ಎರಡು ಪಟ್ಟಿಗಿಂತ ಜಾಸ್ತಿ ಒತ್ತಡ, ಬಿಟ್ಟಿ.

ಎರಡನೇದು ಮತ್ತದೇ ಸುಣ್ಣ. ಪಂಪ್ ತೆಗೆಸಿ ಪೈಪ್ ನೇರ ಜೋಡಿಸಿದ ದಿನ ಷವರಿಂದ ದಾರದ ಹಾಗೆ ನೀರು. ಷವರ್ ಹೆಡ್ ಬಿಚ್ಚಿದೆ. ಅರ್ಧ ತೂತು ಮುಚ್ಚಿಹೋಗಿತ್ತು. ರಾತ್ರಿ ವಿನೆಗರ್‌ನಲ್ಲಿ ನೆನೆಸಿ, ಬೆಳಿಗ್ಗೆ ಹಳೇ ಬ್ರಷ್‌ನಲ್ಲಿ ಉಜ್ಜಿದೆ. ಹ್ಯಾಂಡ್ ಷವರ್‌ಗೂ ಅದೇ. ವಿನೆಗರ್ ಇಲ್ಲದಿದ್ರೆ ನಿಂಬೆಹಣ್ಣು ಆಗುತ್ತೆ. ಖರ್ಚು ಮೂವತ್ತು ರೂಪಾಯಿ.

ಮೂರು ವರ್ಷದ ಹಿಂದೆ ಈ ಮೂವತ್ತು ರೂಪಾಯಿ ಕೆಲಸ ಮಾಡಿ ನೋಡಿದ್ರೆ ₹7,800 ಬಗ್ಗೆ ಇನ್ನೊಂದು ಸಲ ಯೋಚನೆ ಮಾಡ್ತಿದ್ವೇನೋ.

ಭಾಗ 5/9

ಈಗ ಬಕೆಟ್ ಲೆಕ್ಕ. ಇದನ್ನ ನೀವೂ ಮಾಡಿ, ಐದು ನಿಮಿಷದ ಕೆಲಸ. ಹತ್ತು ಲೀಟರ್ ಬಕೆಟ್ ಷವರ್ ಕೆಳಗೆ ಇಡಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ.

ನಮ್ಮನೆ, ಪಂಪ್ ಇಲ್ಲದೆ, ಸುಣ್ಣ ಕಟ್ಟಿದ ಷವರ್: 3 ನಿಮಿಷ 20 ಸೆಕೆಂಡು. ನಿಮಿಷಕ್ಕೆ 3 ಲೀಟರ್.
ಷವರ್ ಹೆಡ್ ತೊಳೆದ ಮೇಲೆ: 2 ನಿಮಿಷ. ನಿಮಿಷಕ್ಕೆ 5 ಲೀಟರ್.
ಪಂಪ್ ಇದ್ದಾಗ ಎಷ್ಟಿತ್ತು ಅಂತ ನೋಡೋಕೆ ನಮ್ಮದು ಸತ್ತಿತ್ತಲ್ಲ. ಮಾಲೂರಲ್ಲಿ ದೊಡ್ಡಮ್ಮನ ಮನೇಲಿ ಅದೇ ಪಂಪ್ ಇದೆ. ಭಾನುವಾರ ಹೋಗಿ ಅಲ್ಲಿ ಬಕೆಟ್ ಇಟ್ಟೆ: 48 ಸೆಕೆಂಡು. ನಿಮಿಷಕ್ಕೆ ಹನ್ನೆರಡೂವರೆ ಲೀಟರ್. ದೊಡ್ಡಮ್ಮ ‘ಏನೇ ಇದು, ಕಾಲೇಜಲ್ಲಿ ಇದನ್ನೂ ಹೇಳಿಕೊಡ್ತಾರಾ’ ಅಂದ್ರು.

ನಮ್ಮನೇಲಿ ಐದು ಜನ. ಒಬ್ಬರಿಗೆ ಸರಾಸರಿ ಏಳು ನಿಮಿಷ ಅಂತ ಇಟ್ಕೊಳ್ಳಿ (ತಮ್ಮ ಹಾಡು ಹೇಳ್ತಾ ಹತ್ತು ನಿಮಿಷ ನಿಲ್ತಾನೆ). ಒಬ್ಬರಿಗೆ 87 ಲೀಟರ್. ಐದು ಜನಕ್ಕೆ ದಿನಕ್ಕೆ 437 ಲೀಟರ್, ಬರೀ ಸ್ನಾನಕ್ಕೆ. ಬಕೆಟ್ ಸ್ನಾನ ಆದ್ರೆ ಒಬ್ಬರಿಗೆ 20 ಲೀಟರ್, ಐದು ಜನಕ್ಕೆ 100.

ವ್ಯತ್ಯಾಸ ದಿನಕ್ಕೆ 337 ಲೀಟರ್. ತಿಂಗಳಿಗೆ ಹತ್ತು ಸಾವಿರ ಲೀಟರ್. ಅಂದ್ರೆ 5,000 ಲೀಟರಿನ ಎರಡು ಟ್ಯಾಂಕರ್. ಬೇಸಿಗೇಲಿ ನಾವು ಒಂದಕ್ಕೆ ₹600 ಕೊಟ್ಟಿದ್ದೀವಿ. ತಿಂಗಳಿಗೆ ₹1,200, ನಾಲ್ಕು ತಿಂಗಳಿಗೆ ₹4,800.

ನಮ್ಮ ಕ್ಲಾಸಲ್ಲಿ ಹೇಳಿಕೊಟ್ಟ ಸವಕಳಿ ಲೆಕ್ಕ ಸೇರಿಸಿ: ₹7,800ರ ಪಂಪ್ ಮೂರೇ ವರ್ಷಕ್ಕೆ ಸತ್ತಿತು ಅಂದ್ರೆ ವರ್ಷಕ್ಕೆ ₹2,600. ಪಂಪ್‌ನ ಬೆಲೆಗಿಂತ ಅದು ಕುಡಿದ ನೀರಿನ ಬೆಲೆ ಹೆಚ್ಚು. ಅಂಗಡಿ ಬಿಲ್ಲಲ್ಲಿ ಇದು ಕಾಣಲ್ಲ.

ಇನ್ನೊಂದು ಸಂಖ್ಯೆ. ಮನೆ ಮನೆಗೆ ನಲ್ಲಿ ಕೊಡೋ ಜಲ ಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಗುರಿ ಇಟ್ಟಿತು. ಕುಡಿಯೋಕೆ, ಅಡುಗೆಗೆ, ಪಾತ್ರೆಗೆ, ಬಟ್ಟೆಗೆ, ಕಕ್ಕಸಿಗೆ, ಸ್ನಾನಕ್ಕೆ, ಎಲ್ಲಾ ಸೇರಿ. ನಾವು ಬರೀ ಸ್ನಾನಕ್ಕೆ 87 ಸುರೀತಿದ್ವಿ.

ಭಾಗ 6/9

ಇಷ್ಟು ಲೆಕ್ಕ ಹಾಕಿದ ಮೇಲೆ ನಾನು ದೊಡ್ಡ ಜಡ್ಜ್ ಥರ ತೀರ್ಪು ಕೊಟ್ಟೆ: ‘ಪಂಪೂ ಬೇಡ, ಷವರೂ ಬೇಡ, ಎಲ್ಲರೂ ಬಕೆಟ್.’ ಒಂದು ಪೇಪರಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ.

ಅಮ್ಮ ಏನೂ ಅನ್ನಲಿಲ್ಲ. ಅಪ್ಪ ಮಾತು ಬಿಟ್ರು. ತಮ್ಮ ಪೇಪರ್ ಮೇಲೆ ಮೀಸೆ ಬರೆದ.

ಅಜ್ಜಿ ಮಾತ್ರ ಬೆಳಿಗ್ಗೆ ‘ಇವತ್ತು ಬೇಡ ಬಿಡಮ್ಮ, ಮೈ ಸರಿಯಿಲ್ಲ’ ಅಂದ್ರು. ಮಾರನೇ ದಿನವೂ ಅದೇ. ಮೂರನೇ ದಿನವೂ ಅದೇ. ಸೋಮವಾರ ತಲೆಗೆ ಸ್ನಾನ ಮಾಡದೆ ಅಜ್ಜಿ ದೇವರ ದೀಪ ಹಚ್ಚಲ್ಲ. ಆ ಸೋಮವಾರ ದೀಪ ಅಮ್ಮ ಹಚ್ಚಿದ್ರು.

ಆಗ ನನಗೆ ಅರ್ಥ ಆಯ್ತು. ಮೈ ಸರಿಯಿಲ್ಲದ್ದು ಅಲ್ಲ. ಮತ್ತೆ ಸೊಸೆಯನ್ನ ಕರೆದು ‘ನೀರು ಹಾಕಮ್ಮ’ ಅನ್ನೋಕೆ ಅವರಿಗೆ ಮನಸ್ಸಿಲ್ಲ. ನನ್ನ ಲೆಕ್ಕದಲ್ಲಿ 337 ಲೀಟರ್ ಇತ್ತು, ಅಜ್ಜಿ ಬಾಗಿಲು ಹಾಕ್ಕೊಂಡು ಒಬ್ಬರೇ ಸ್ನಾನ ಮಾಡೋದು ಯಾವ ಕಾಲಮ್‌ನಲ್ಲೂ ಇರಲಿಲ್ಲ.

ನೀರು ಉಳಿಸಿ ಅಂತ ಸ್ಟೋರಿ ಹಾಕೋರಿಗೆ, ನನ್ನನ್ನೂ ಸೇರಿಸಿ, ಒಂದು ಮಾತು. ನೀರು ಉಳಿಸೋ ಭಾರ ಮನೇಲಿ ಯಾರ ಮೇಲೆ ಬೀಳುತ್ತೆ ಅಂತ ನೋಡಿ. ಹೆಚ್ಚಾಗಿ ಹೆಂಗಸರ ಮೇಲೆ, ವಯಸ್ಸಾದವರ ಮೇಲೆ ಬೀಳುತ್ತೆ. ಕೊಡ ಹೊರೋದು ಅವರೇ, ಪಾತ್ರೆ ತೊಳೆದ ನೀರನ್ನ ಗಿಡಕ್ಕೆ ಹಾಕೋದು ಅವರೇ, ‘ಇವತ್ತು ಬೇಡ ಬಿಡು’ ಅನ್ನೋದೂ ಅವರೇ. ಹತ್ತು ನಿಮಿಷ ಹಾಡು ಹೇಳೋನು ಮಾತ್ರ ಆರಾಮಾಗಿ ಇರ್ತಾನೆ.

ಫ್ರಿಜ್ ಮೇಲಿನ ಪೇಪರ್ ನಾನೇ ಕಿತ್ತೆ. ಆವತ್ತು ರಾತ್ರಿ ಅಜ್ಜಿ ಪಕ್ಕದಲ್ಲಿ ಮಲಗಿ ಸಾರಿ ಕೇಳಿದೆ. ಅವರು ಸಾರಿ ಬಗ್ಗೆ ಏನೂ ಹೇಳಲಿಲ್ಲ. ಬೇರೆ ಒಂದು ಕಥೆ ಹೇಳಿದ್ರು. ಅದು ಮುಂದಿನ ಭಾಗ.

ಭಾಗ 7/9

ಫೋಟೋದಲ್ಲಿರೋದು ನಮ್ಮ ತೋಟದ ಹಳೇ ಬಾವಿ. ಒಳಗೆ ಈಗ ಜಾಲಿ ಗಿಡ.

ಅಜ್ಜಿ ಮದುವೆಯಾಗಿ ಬಂದಾಗ ಈ ಬಾವಿಯಿಂದ ಎತ್ತು ಕಟ್ಟಿ ಕಪಿಲೆ ಹೊಡೀತಿದ್ರಂತೆ. ಆಮೇಲೆ ಕರೆಂಟ್ ಬಂತು, 3 ಎಚ್‌ಪಿ ಪಂಪ್‌ಸೆಟ್ ಬಂತು. ಬಾವಿ ಬತ್ತಿತು. 250 ಅಡಿ ಬೋರ್, 5 ಎಚ್‌ಪಿ. ಅದು ನಿಂತಿತು. 600 ಅಡಿ, ಏಳೂವರೆ ಎಚ್‌ಪಿ. ಅದೂ ನಿಂತಿತು. 1,100 ಅಡಿ, ಹನ್ನೆರಡೂವರೆ ಎಚ್‌ಪಿ. ಕೊನೇ ಎರಡು ಬೋರಲ್ಲಿ ಧೂಳು ಬಂತು. ಹಿಪ್ಪುನೇರಳೆ ತೋಟ ಹೋಯ್ತು.

ಅಜ್ಜಿ ನಮ್ಮ ಮನೆಭಾಷೆ ತೆಲುಗಲ್ಲಿ ಶುರು ಮಾಡ್ತಾರೆ, ಕನ್ನಡದಲ್ಲಿ ಮುಗಿಸ್ತಾರೆ: ‘ನೀಳ್ಳು ರಾಲೇದು, ನೀರು ಬರಲಿಲ್ಲ ಅಂತ ಒಂದೊಂದು ಸಲಾನೂ ಮೋಟ್ರು ಬದಲಾಯಿಸಿದ್ರು. ಮೋಟ್ರು ದೊಡ್ಡದಾಗ್ತಾ ಹೋಯ್ತು, ತೋಟ ಚಿಕ್ಕದಾಗ್ತಾ ಬಂತು.’

ಇದು ನಮ್ಮನೆ ಒಂದರ ಕಥೆ ಅಲ್ಲ. ನಮ್ಮ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಹಿಂದಿನವರು ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗೋ ಹಾಗೆ ಕೆರೆ ಕಟ್ಟಿಕೊಂಡಿದ್ರು. ಕೆರೆ ಬಿಟ್ಟು ಬೋರ್ ಹಿಡಿದ್ವಿ. ಕೇಂದ್ರ ಅಂತರ್ಜಲ ಮಂಡಳಿ ಲೆಕ್ಕದಲ್ಲಿ ಕೋಲಾರ ಅತಿಬಳಕೆಯ ಪಟ್ಟಿಯಲ್ಲಿದೆ. ಅಂದ್ರೆ ವರ್ಷಕ್ಕೆ ಭೂಮಿಗೆ ಇಳಿಯೋದಕ್ಕಿಂತ ತೆಗೆಯೋದೇ ಜಾಸ್ತಿ. ಬ್ಯಾಂಕ್ ಭಾಷೇಲಿ ಹೇಳ್ಬೇಕಂದ್ರೆ ಓವರ್‌ಡ್ರಾಫ್ಟ್.

ಅಪ್ಪ ಇದಕ್ಕೆ ಒಂದು ಪ್ರಶ್ನೆ ಕೇಳಿದ್ರು: ‘ಬೆಂಗಳೂರಲ್ಲಿ ಎಲ್ಲರೂ ಷವರ್ ಕೆಳಗೇ ನಿಲ್ತಾರೆ. ಅವರಿಗೆ ಕಾವೇರಿ, ನಮಗೆ ಅವರು ಸ್ನಾನ ಮಾಡಿ ಬಿಟ್ಟ ನೀರು. ನಾವು ಮಾತ್ರ ಯಾಕೆ ಬಕೆಟ್ ಲೆಕ್ಕ ಹಾಕ್ಬೇಕು?’

ಸುಳ್ಳಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ದಿನಕ್ಕೆ 440 ದಶಲಕ್ಷ ಲೀಟರ್ ಅಂತ ಗುರಿ ಇಟ್ಟು, ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡ್ತಾರೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಸ್ವಲ್ಪ ದಿನಕ್ಕೇ ನೊರೆ ಎದ್ದಿತು, ವಿಷಯ ಕೋರ್ಟಿಗೂ ಹೋಯ್ತು. ಮೂರನೇ ಹಂತದ ಸಂಸ್ಕರಣೆ ಬೇಕು ಅಂತ ನಮ್ಮವರು ಇವತ್ತಿಗೂ ಕೇಳ್ತಿದ್ದಾರೆ. ಕೇಳಲೇಬೇಕು.

ಆದ್ರೆ ಆ ಸಿಟ್ಟನ್ನ ನಮ್ಮ ಸಂಪಿನ ಮೇಲೆ ತೀರಿಸಿಕೊಂಡ್ರೆ ಬೆಂಗಳೂರಿಗೆ ಏನೂ ಆಗಲ್ಲ. ನಮ್ಮ ಸಂಪ್ ಖಾಲಿ ಆಗುತ್ತೆ. ಹಾಗೆ ನೋಡಿದ್ರೆ, ಮಾರ್ಚ್ 2024ರಲ್ಲಿ ಬರ ಬಂದಾಗ ಬೆಂಗಳೂರಲ್ಲೂ ನಲ್ಲಿಗಳಿಗೆ ಏರೇಟರ್ ಹಾಕಿ ಅಂತ ಜಲಮಂಡಳಿ ಆದೇಶ ಮಾಡಿತ್ತು, ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ ₹5,000 ದಂಡ ಅಂದಿತ್ತು.

ಭಾಗ 8/9

ಸರಿ, ಕೊನೆಗೆ ಏನ್ ಮಾಡಿದ್ವಿ?

ಉಪಾಯ ಹೇಳಿದ್ದು ಪ್ಲಂಬರ್ ಅಣ್ಣ. ‘ಒತ್ತಡ ಬೇಕು ಅಂದ್ರೆ ಟ್ಯಾಂಕ್ ಎತ್ತಿ. ಮೆಟ್ಟಿಲ ಹೆಡ್‌ರೂಮ್ ಇದೆಯಲ್ಲ, ಅದರ ಮೇಲಿಡಿ.’

ಹೆಡ್‌ರೂಮ್ ತಾರಸಿಗಿಂತ ಎಂಟಡಿ ಮೇಲಿದೆ. ಮೂರೂವರೆಗೆ ಎಂಟು ಸೇರಿಸಿದ್ರೆ ಹನ್ನೊಂದೂವರೆ ಅಡಿ. ಒತ್ತಡ ಮೂರು ಪಟ್ಟಿಗಿಂತ ಹೆಚ್ಚು. ಕರೆಂಟ್ ಇಲ್ಲ, ಮೋಟ್ರಿಲ್ಲ, ಸುಡೋಕೆ ಏನೂ ಇಲ್ಲ.

ಆದ್ರೆ ಸೀದಾ ಎತ್ತಿ ಇಡಬೇಡಿ. ಸಾವಿರ ಲೀಟರ್ ನೀರು ಅಂದ್ರೆ ಒಂದು ಟನ್ ತೂಕ. ಮನೆ ಕಟ್ಟಿದ ಮೇಸ್ತ್ರಿಯನ್ನ ಕರೆಸಿದ್ವಿ. ಅವರು ನೋಡಿ, ‘ಸಾವಿರದ್ದು ಬೇಡ, ಐನೂರರದ್ದು ಇಡಿ, ಅದೂ ಗೋಡೆ ಮೇಲೆ ಭಾರ ಬೀಳೋ ಮೂಲೇಲಿ’ ಅಂದ್ರು. ಹಾಗಾಗಿ ಹಳೇ ಟ್ಯಾಂಕ್ ಅಲ್ಲೇ ಇದೆ. ಬಾತ್‌ರೂಮಿಗೆ ಮಾತ್ರ ಮೇಲೆ ಬೇರೆ ಚಿಕ್ಕ ಟ್ಯಾಂಕ್. ನಿಮ್ಮನೇದು ನಿಮ್ಮ ಮೇಸ್ತ್ರಿನೋ ಇಂಜಿನಿಯರ್ರೋ ನೋಡಿಯೇ ಹೇಳ್ಬೇಕು.

ಖರ್ಚು:
500 ಲೀಟರ್ ಟ್ಯಾಂಕ್ ₹3,200
ಪೈಪು, ವಾಲ್ವು ₹2,100
ಕೂಲಿ ₹1,800
ಒಟ್ಟು ₹7,100

ಅಪ್ಪ ವಿಚಾರಿಸಿದ್ದ ಒಂದು ಎಚ್‌ಪಿ ಪಂಪ್ ಫಿಟ್ಟಿಂಗ್ ಸೇರಿ ₹11,000 ದಾಟ್ತಿತ್ತು. ಉಳಿದ ದುಡ್ಡಲ್ಲಿ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಸರಿ ಮಾಡಿಸಿದ್ವಿ. ಎಂಟಡಿ ಜಾಸ್ತಿ ನೀರು ಏರಿಸೋಕೆ ಸಂಪಿನ ಮೋಟ್ರಿಗೆ ತಗಲೋ ಕರೆಂಟ್ ಲೆಕ್ಕಕ್ಕೇ ಬರಲ್ಲ.

ಬಕೆಟ್ ಇಟ್ಟೆ. ಹತ್ತು ಲೀಟರ್‌ಗೆ 70 ಸೆಕೆಂಡು. ನಿಮಿಷಕ್ಕೆ ಎಂಟೂವರೆ ಲೀಟರ್. ಪಂಪ್‌ನಷ್ಟು ಜೋರಿಲ್ಲ, ಆದ್ರೆ ಸ್ನಾನಕ್ಕೆ ಧಾರಾಳ. ಸೋಪ್ ಹಚ್ಚುವಾಗ ನಿಲ್ಲಿಸಿದ್ರೆ ನೀರು ಓಡೋದು ಮೂರೇ ನಿಮಿಷ. 25 ಲೀಟರ್. ಬಕೆಟ್‌ಗಿಂತ ಐದೇ ಲೀಟರ್ ಜಾಸ್ತಿ.

ಇನ್ನೊಂದು ಲಾಭ ನಾವು ಅಂದ್ಕೊಂಡೇ ಇರಲಿಲ್ಲ. ಮೇಲಿನ ಟ್ಯಾಂಕ್ 500 ಲೀಟರ್ ಅಷ್ಟೇ. ಮುಗಿದ್ರೆ ಮುಗೀತು. ಬಾತ್‌ರೂಮ್ ಅಡುಗೆಮನೆ ನೀರನ್ನ ತಿನ್ನೋಕಾಗಲ್ಲ. ತಮ್ಮನ ಹಾಡು ಈಗ ಒಂದೇ ಚರಣ.

ಅಜ್ಜಿ ಮೊದಲ ದಿನ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ನಾನು, ಅಮ್ಮ ಇಬ್ಬರೂ ಹೊರಗೆ ಕಿವಿ ಕೊಟ್ಟು ನಿಂತಿದ್ವಿ. ಒಳಗಿಂದ ‘ಹೋಗ್ರೇ, ಕೆಲಸ ಇಲ್ವಾ’ ಅಂದ್ರು.

ಭಾಗ 9/9

ಹಾಗಾದ್ರೆ ಯಾರೂ ಪಂಪ್ ಹಾಕಿಸಲೇಬಾರದಾ? ಹಂಗೇನಿಲ್ಲ. ಮೂರು ಮಹಡಿ ಮನೇಲಿ ಟ್ಯಾಂಕ್ ಪಕ್ಕದಲ್ಲೇ ಬಾತ್‌ರೂಮ್ ಇದ್ರೆ, ಹೆಡ್‌ರೂಮ್ ಭಾರ ತಡೆಯಲ್ಲ ಅಂತ ಮೇಸ್ತ್ರಿ ಹೇಳಿದ್ರೆ, ಹಾಕಿಸಿ. ಆದ್ರೆ ಈ ಸಾಲಲ್ಲಿ ಬನ್ನಿ:

1. ಮೊದಲು ಷವರ್ ಹೆಡ್, ನಲ್ಲಿ ಜಾಲರಿ ಬಿಚ್ಚಿ ಸುಣ್ಣ ತೊಳೀರಿ.
2. ಬಕೆಟ್ ಇಟ್ಟು ಸೆಕೆಂಡ್ ಎಣಿಸಿ.
3. ಟ್ಯಾಂಕ್ ತಳ ಷವರ್‌ಗಿಂತ ಎಷ್ಟಡಿ ಮೇಲಿದೆ ಅಳೆಯಿರಿ. ಎತ್ತೋಕಾಗುತ್ತಾ ಕೇಳಿ.
4. ಆಗಲ್ಲ ಅಂದ್ರೆ ಚಿಕ್ಕ ಪಂಪ್ ತನ್ನಿ, ದೊಡ್ಡದಲ್ಲ. ನೀರಿಲ್ಲದಾಗ ತಾನೇ ನಿಲ್ಲೋದು ಇದೆಯಾ ಕೇಳಿ. ಮುಂದೆ ಫಿಲ್ಟರ್ ಹಾಕಿಸಿ.
5. ಅರ್ಥಿಂಗ್, ಆರ್‌ಸಿಸಿಬಿ ಇಲ್ಲದೆ ಪ್ಲಗ್ ಚುಚ್ಚೋಕೆ ಬಿಡಬೇಡಿ.

‘ಅಷ್ಟು ದುಡ್ಡು ಹಾಕಿದ್ದೀವಿ, ಈಗ ಬಿಡೋದಾ’ ಅಂತ ಮನೇಲಿ ಅಂದ್ರೆ, ಹೋದ ದುಡ್ಡು ಹೋಯ್ತು ಅಂತ ಹೇಳಿ. ನಮ್ಮ ಸಬ್ಜೆಕ್ಟ್‌ನಲ್ಲಿ ಇದಕ್ಕೆ ಸಂಕ್ ಕಾಸ್ಟ್ ಅಂತಾರೆ. ಮುಳುಗಿದ ದುಡ್ಡನ್ನ ನೋಡ್ಕೊಂಡು ಮುಂದಿನ ದುಡ್ಡು ಹಾಕಬಾರದು. ನಮ್ಮ ಬೋರ್‌ಗಳ ವಿಷಯದಲ್ಲಿ ಇದನ್ನ ಯಾರಾದ್ರೂ ತಾತನಿಗೆ ಹೇಳಿದ್ರೆ ಚೆನ್ನಾಗಿತ್ತು.

ಕೊನೇದಾಗಿ ಒಂದು ತಪ್ಪೊಪ್ಪಿಗೆ. ಪಂಚಾಯ್ತಿ ನೀರು ಬರೋ ದಿನ ಲೈನಿಗೇ ನೇರ ಮೋಟ್ರು ಹಾಕಿ ಎಳೆಯೋದು ಗೊತ್ತಲ್ಲ? ನಾವೂ ಹಾಕ್ತಿದ್ವಿ. ಎಲ್ಲರೂ ಹಾಕ್ತಾರೆ, ನಾವು ಹಾಕದಿದ್ರೆ ನಮಗೇ ಬರಲ್ಲ ಅಂತ. ನಮ್ಮ ಬೀದಿ ಕೊನೇಲಿರೋ ಮನೆಗೆ ಮೋಟ್ರಿಲ್ಲ. ಅವರ ನಲ್ಲೀಲಿ ಗಾಳಿ ಬರ್ತಿತ್ತು. ಅಷ್ಟೇ ಅಲ್ಲ, ಹಂಗೆ ಎಳೆದಾಗ ಪೈಪ್ ಒಡೆದಿರೋ ಜಾಗದಿಂದ ಚರಂಡಿ ನೀರೂ ಒಳಗೆ ಸೇರಬಹುದು.

ಷವರ್ ಪಂಪ್ ನಮ್ಮ ಟ್ಯಾಂಕ್ ಖಾಲಿ ಮಾಡುತ್ತೆ. ಲೈನ್ ಮೋಟ್ರು ಪಕ್ಕದ ಮನೆ ಕೊಡ ಖಾಲಿ ಮಾಡುತ್ತೆ. ಹನ್ನೆರಡೂವರೆ ಎಚ್‌ಪಿ ಮೋಟ್ರು ಊರಿನ ಬಾವಿ ಖಾಲಿ ಮಾಡ್ತು. ಮೂರರಲ್ಲೂ ಪಂಪ್ ತನ್ನ ಕೆಲಸ ಸರಿಯಾಗೇ ಮಾಡಿದೆ. ನೀರು ಎಲ್ಲಿಂದ ಬರುತ್ತೆ ಅಂತ ಕೇಳದೇ ಇದ್ದಿದ್ದು ನಾವು.

ಲೈನಿಂದ ಮೋಟ್ರು ತೆಗೆಯೋದಕ್ಕೆ ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ‘ಬೀದಿಯವರೆಲ್ಲ ಒಟ್ಟಿಗೆ ತೆಗೆದ್ರೆ ನಾನೂ ತೆಗೀತೀನಿ’ ಅಂತಾರೆ. ಮುಂದಿನ ಗ್ರಾಮಸಭೆಗೆ ನಾನೂ ಹೋಗ್ತೀನಿ, ಕೇಳ್ತೀನಿ. ಏನಾಯ್ತು ಅಂತ ಇಲ್ಲೇ ಬರೀತೀನಿ.

ಅಷ್ಟರಲ್ಲಿ ನೀವು ಒಂದು ಕೆಲಸ ಮಾಡಿ. ಬಕೆಟ್ ಇಡಿ, ಹತ್ತು ಲೀಟರ್‌ಗೆ ನಿಮ್ಮನೇಲಿ ಎಷ್ಟು ಸೆಕೆಂಡು ಅಂತ ಊರ ಹೆಸರಿನ ಜೊತೆ ಕಮೆಂಟ್ ಮಾಡಿ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯವರು ಖಂಡಿತ ಬರೀರಿ. ಮನೇಲಿ ಅಜ್ಜಿ ತಾತ ಇದ್ರೆ, ಸ್ನಾನ ಹೇಗೆ ಮಾಡ್ತಾರೆ ಅಂತ ಅವರನ್ನೂ ಒಂದು ಮಾತು ಕೇಳಿ.

#ಹೋಳೂರು #ಕೋಲಾರ #ನಮ್ಮನೀರು #ಬಕೆಟ್‌ಲೆಕ್ಕ #ಷವರ್‌ಪಂಪ್ #ಬಿಕಾಂಡೈರಿ